ಕಾಕಾನ ಟೆಸ್ಟರು, ಕಾಕುವಿನ ಬಲ್ಬು

ನನ್ನ ಮದುವೆ ಕೂಡಿ ಬಂದದ್ದು ನನ್ನ ರೂಪ ನೋಡಿ ಅಲ್ಲ, ಗುಣ ಕೇಳಿ ಅಲ್ಲ, ಜಾತಕ ಕೂಡಿಸಿ ಅಂತೂ ಅಲ್ಲವೇ ಅಲ್ಲ. ನಮ್ಮ ತವರುಮನೆಯ ಅರ್ಥಿಂಗ್ ಗಟ್ಟಿಯಾಗಿತ್ತು, ಅದಕ್ಕೆ! ನಗಬೇಡಿ. ಸಾಕ್ಷಿ ಬೇಕಾದರೆ ನನ್ನ ತವರೂರು ತಂಬೂರಿಗೆ ತಂಬೂರೇ ಇದೆ, ಹೋಗಿ ಕೇಳಿ.

ಈ ಪವಾಡಕ್ಕೆ ಕಾರಣರಾದವರು ನಮ್ಮ ಮನೆಯವರ ಕಾಕಾ. ಸಂಬಂಧದಲ್ಲಿ ನನಗೆ ಸಣ್ಣ ಮಾವನವರು. ಆದರೆ ಊರಿಗೆ ಊರೇ ಅವರನ್ನು ಕಾಕಾ ಎನ್ನುವಾಗ ನಾನೊಬ್ಬಳು ಬೇರೆ ಏನು ಅನ್ನಲಿ? ನನ್ನನ್ನು ನೋಡಲು ಬಂದವರಲ್ಲಿ ಅವರೂ ಇದ್ದರು. ಎಲ್ಲರೂ ಜಮಖಾನದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರೆ ಇವರು ಕಿಸೆಯಿಂದ ಟೆಸ್ಟರ್ ತೆಗೆದು ನಮ್ಮ ಪಡಸಾಲೆಯ ಸ್ವಿಚ್ ಬೋರ್ಡಿನ ತೂತುಗಳಿಗೆ ಹಾಕಿ ಹಾಕಿ ನೋಡುತ್ತಿದ್ದರು. ಅಷ್ಟಕ್ಕೇ ಬಿಟ್ಟರೇ? ಕಾಲು ತೊಳೆಯಲು ಕೊಟ್ಟ ತಂಬಿಗೆ ಹಿಡಿದು ಹಿತ್ತಲಿಗೆ ಹೋಗಿ, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಹುಡುಕಿ, ಆ ನೀರೆಲ್ಲ ಅದಕ್ಕೆ ಸುರಿದು ಬಂದರು!

ನಮ್ಮಪ್ಪನಿಗೆ ತಡೆಯಲಾಗಲಿಲ್ಲ. "ಏನ್ರೀ ಯಜಮಾನ್ರ, ಕನ್ಯಾ ನೋಡಾಕ ಬಂದೀರೋ, ಮೀಟರ್ ನೋಡಾಕ ಬಂದೀರೋ?"

ಕಾಕಾ ಶಾಂತವಾಗಿ ಹೇಳಿದರು. "ಕನ್ಯಾ ನೋಡಾಕ ಮಂದಿ ಭಾಳ ಅದಾರ್ರಿ. ಅರ್ಥಿಂಗ್ ಯಾರ ನೋಡ್ತಾರ? ಅಗದಿ ಛಲೋ ಐತಿ. ಕಣ್ಣಿಗೆ ಕಾಣದ್ದಕ್ಕ ಇಷ್ಟು ಕಾಳಜಿ ಮಾಡೋ ಮನಿ ಅಂದ್ರ ಹುಡುಗೀನೂ ಛಲೋನ ಇರ್ತಾಳ. ನಮ್ಮ ಕಡಿಂದ ಪಕ್ಕಾ!"

ಹೀಗೆ ನಾನು ನವಲಗುಂದದ ಹತ್ತಿರದ ಈ ಎರೆಮಣ್ಣಿನ ಊರಿಗೆ ಸೊಸೆಯಾಗಿ ಬಂದೆ.

ಕಾಕಾ ಹತ್ತಿ, ಕಡಲೆ ಬೆಳೆಯುವ ರೈತರು. ಹಿಂದೆ ಮನೆಯ ಮುಂಗಡೆ ಹಿಟ್ಟಿನ ಗಿರಣಿ ಇಟ್ಟಿದ್ದರಂತೆ. ಗಿರಣಿ ಯಾವಾಗಲೋ ಹೋಯಿತು. ಅದರ ಮೂರು ಫೇಜಿನ ಲೈನು ಮಾತ್ರ ಮನೆಗೇ ಉಳಿಯಿತು. ಗಿರಣಿ ರಿಪೇರಿ ಮಾಡುತ್ತ ಅಂಟಿದ ಟೆಸ್ಟರಿನ ಚಟ ಕಾಕಾನಿಗೆ ಉಳಿಯಿತು. ಬೇರೆಯವರ ಅಂಗಿಯ ಕಿಸೆಯಲ್ಲಿ ಪೆನ್ನು ಇರುವಲ್ಲಿ ಇವರಿಗೆ ಟೆಸ್ಟರು. ಅದರ ಮೊನೆಗೆ ಕಿಸೆಯ ತಳ ಹರಿಯುತ್ತಿತ್ತು, ಟೆಸ್ಟರು ಜಾರಿ ಕಾಲ ಮೇಲೆ ಬೀಳುತ್ತಿತ್ತು. ಕಾಕು, ಅಂದರೆ ಕಾಕಾನ ಹೆಂಡತಿ, ಗೊಣಗುತ್ತ ಹೊಲಿದುಕೊಡುತ್ತಿದ್ದರು. ಮತ್ತೆ ಹರಿಯುತ್ತಿತ್ತು, ಮತ್ತೆ ಹೊಲಿಯುತ್ತಿದ್ದರು. ಸಂಸಾರ ಅಂದರೆ ಇನ್ನೇನು ಇರುತ್ತದೆ ಹೇಳಿ!

ಕಾಕಾನಿಗೆ ಒಂದು ದ್ವೇಷವೂ ಇತ್ತು, ಎಲ್‌ಇಡಿ ಬಲ್ಬಿನ ಮೇಲೆ. ಊರಿನವರೆಲ್ಲ ಹೊಸ ಬಲ್ಬು ಹಾಕಿಕೊಂಡರೂ ನಮ್ಮ ಮನೆಯಲ್ಲಿ ಮಾತ್ರ ಹಳೆಯ ಗುಂಡು ಬಲ್ಬು. ಎಲ್ಲೆಲ್ಲಿಂದಲೋ ಹುಡುಕಿ ತಂದು ಜೋಳದ ಚೀಲದ ನಡುವೆ ಬೆಚ್ಚಗೆ ಕಾಪಾಡಿದ್ದರು. ನಾನು ಒಮ್ಮೆ ಬಾಯಿಬಿಟ್ಟು ಕೇಳಿದೆ.

"ಕಾಕಾ, ಅದೊಂದು ಹೊಸಾ ಬಲ್ಬ್ ಹಾಕಿದ್ರ ಏನಾಗತೈತ್ರಿ?"

"ಯವ್ವಾ, ಅದು ಭಾಳ ನಯವಂಚಕ ಐತಿ. ಒಳಗ ಕರೆಂಟ್ ಏನರ ಆಗಲಿ, ಮುಖದ ಮ್ಯಾಲ ತೋರಸೂದಿಲ್ಲ. ನಮ್ಮ ಗುಂಡು ಬಲ್ಬ್ ನೋಡು, ಹೊಟ್ಟ್ಯಾಗ ಇದ್ದದ್ದೆಲ್ಲಾ ಹೇಳಿಬಿಡತೈತಿ."

ಇಂಥ ಮನುಷ್ಯನ ಅಂಗಿಯ ಕಿಸೆ ಒಂದು ಸಲ ಹರಿದದ್ದು ಹರಿದೇ ಉಳಿಯಿತು. ಟೆಸ್ಟರು ಬಿತ್ತು, ಎತ್ತಿದರು, ಬಿತ್ತು, ಎತ್ತಿದರು. ಕಾಕು ಹೊಲಿಯಲಿಲ್ಲ. ಬೇಸತ್ತಿರಬೇಕು ಎಂದುಕೊಂಡೆವು. ಯಾರಿಗೆ ಬೇಸರವಾಗುವುದಿಲ್ಲ? ನಾನಾಗಿದ್ದರೆ ಎಂದೋ ಆ ಟೆಸ್ಟರನ್ನು ಬೆಣ್ಣಿಹಳ್ಳಕ್ಕೆ ಎಸೆದು ಬರುತ್ತಿದ್ದೆ.

ಆದರೆ ಅದೇ ಹೊತ್ತಿನಲ್ಲಿ ಕಾಕು ಕುಂಚಿಗೆಯನ್ನೂ ಬಿಟ್ಟರು. ಅದು ಸಣ್ಣ ಮಾತಲ್ಲ. ಅಣ್ಣಿಗೇರಿಗೆ ಕೊಟ್ಟ ಅವರ ಒಬ್ಬಳೇ ಮಗಳು ಬಹಳ ವರ್ಷಗಳ ಮೇಲೆ ಗರ್ಭಿಣಿಯಾಗಿದ್ದಳು. ಹುಟ್ಟುವ ಕೂಸಿನ ತಲೆಯಿಂದ ಬೆನ್ನಿನವರೆಗೆ ಹೊದಿಸುವ ಕುಂಚಿಗೆಗೆ ಕಾಕು ಕಸೂತಿ ಹಾಕುತ್ತಿದ್ದರು. ಕಸೂತಿ ಎಂದರೆ ಗೆರೆ ಬರೆದುಕೊಂಡು ಹಾಕುವ ಕೆಲಸವಲ್ಲ, ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಒಂದೇ ಒಂದು ಎಳೆ ತಪ್ಪಿದರೂ ಗೋಪುರ ವಾಲುತ್ತದೆ, ನವಿಲು ಕುಂಟುತ್ತದೆ. ಅರ್ಧ ಹಾಕಿದ ಕುಂಚಿಗೆಯನ್ನು ಮಡಚಿ ಟ್ರಂಕಿನ ಮೇಲಿಟ್ಟು ಕಾಕು ಅಂದರು. "ಸಂಜಿಮುಂದ ಬಲ್ಬ್ ಸಣ್ಣ ಆಗತೈತ್ರಿ. ಎಳಿ ಕಾಣೂದಿಲ್ಲ."

ನಮ್ಮ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. "ಬಲ್ಬ್ ಎಲ್ಲೀದು? ಕಾಕುನ ಕಣ್ಣಾಗ ಪೊರಿ ಬಂದೈತಿ. ಹುಬ್ಬಳ್ಳಿಗೆ ಕರಕೊಂಡು ಹೋಗೂಣು."

ಕಿವಿಯಲ್ಲಿ ಹೇಳಿದ್ದು ಕಾಕಾನಿಗೆ ಕೇಳಿಸಿಬಿಟ್ಟಿತು. ಅವತ್ತಿನವರೆಗೆ ಅವರು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

"ಯಾರಲೇ ಅದು ಕಣ್ಣು ಅನ್ನಾವಾ? ಅಕಿ ಕಣ್ಣಿಗೆ ಏನೂ ಆಗಿಲ್ಲ! ಆಗಿದ್ರ ನನ್ನ ಲೈನಿಗೆ ಆಗೈತಿ! ಅಕಿ ಸಣ್ಣ ಆತು ಅಂದ್ರ ಸಣ್ಣ ಆಗೈತಿ, ಅಷ್ಟ!"

ಅವರ ಸಿಟ್ಟಿನ ಮೂಲ ಆಮೇಲೆ ನಮ್ಮ ಅತ್ತೆಯಿಂದ ತಿಳಿಯಿತು. ಕಾಕಾನ ತಾಯಿ ಕಡೆಗಾಲದಲ್ಲಿ ಪೂರ್ತಿ ಕುರುಡಾಗಿದ್ದರಂತೆ. ಯಾರೋ ಹೇಳಿದ ಔಷಧವನ್ನು ಕಣ್ಣಿಗೆ ಹಾಕಿ ಇದ್ದಷ್ಟು ದೃಷ್ಟಿಯೂ ಹೋಗಿತ್ತಂತೆ. ಕಾಕಾನೇ ಕೈಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದರಂತೆ. ಆ ತಾಯಿ ಉಣ್ಣುವಾಗ ತಾಟಿನಲ್ಲಿ ರೊಟ್ಟಿ ಹುಡುಕುತ್ತಿದ್ದ ಬೆರಳುಗಳ ಮಾತು ಬಂದರೆ ಅವರು ಇವತ್ತಿಗೂ ಎದ್ದು ಹೊರಗೆ ಹೋಗುತ್ತಾರೆ. ವೈರು ಕೆಟ್ಟರೆ ಬದಲಿಸಬಹುದು. ಕಣ್ಣಿನ ಮಾತು ಕಾಕಾನಿಗೆ ಬೇಡವೇ ಬೇಡವಾಗಿತ್ತು.

ಶುರುವಾಯಿತು ನೋಡಿ ಶೋಧನೆ! ಕಾಕಾ ನವಲಗುಂದದಿಂದ ಬಣ್ಣಬಣ್ಣದ ಇನ್ಸುಲೇಶನ್ ಟೇಪು ತಂದರು. ಅನುಮಾನ ಇದ್ದ ಕಡೆ ಕೆಂಪು, ನೋಡಿ ಪಾಸು ಮಾಡಿದ ಕಡೆ ಹಸಿರು, ಮತ್ತೊಮ್ಮೆ ನೋಡಬೇಕಾದ ಕಡೆ ಹಳದಿ. ಗೋಡೆ, ತೊಲೆ, ಬಾಗಿಲ ಚೌಕಟ್ಟು, ದೇವರ ಜಗಲಿಯ ಪಕ್ಕ, ಎಲ್ಲೆಲ್ಲೂ ಪಟ್ಟಿಗಳು. ಮೊದಲ ಅನುಮಾನ ನನ್ನ ಮಿಕ್ಸರಿನ ಮೇಲೆ ಬಿತ್ತು. ಅದಕ್ಕೂ ಒಂದು ಕೆಂಪು ಪಟ್ಟಿ ಹಚ್ಚಿದರು. ತವರಿನವರು ಕೊಟ್ಟ ಮಿಕ್ಸರು! ನಾನು ಎರಡು ಹೊತ್ತು ಅವರಿಗೆ ಚಟ್ನಿ ಹಾಕಲಿಲ್ಲ. ಮೂರನೆಯ ಹೊತ್ತಿಗೆ ಪಟ್ಟಿ ಹಸಿರಾಯಿತು.

ಸಂಕಟವೆಂದರೆ ಟೆಸ್ಟರು ಎಲ್ಲಿ ಇಟ್ಟರೂ ಹೊತ್ತುತ್ತಿತ್ತು. ಕರೆಂಟು ಬರುತ್ತಿದೆ, ಸರಿಯಾಗಿಯೇ ಬರುತ್ತಿದೆ. ಇನ್ನು ಬಲ್ಬು ಸಣ್ಣದಾಗುವುದನ್ನು ಕಣ್ಣಾರೆ ನೋಡೋಣವೆಂದರೆ ಅದೂ ಆಗಲೊಲ್ಲದು. ಯಾಕೆ ಅನ್ನುವುದು ಕೇಳಿ.

ಕಾಕಾ ಸಂಜೆ ಹೊಲದಿಂದ ಬಂದವರೇ ಬಿಸಿನೀರಿನ ಜಳಕ ಮಾಡಬೇಕು. ಬಚ್ಚಲಲ್ಲಿ ಬಕೆಟ್ಟಿಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಹಚ್ಚಿ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದರು. ಉರಿಯುವ ಕಾಯಿಲ್ ಬಿಟ್ಟು ಯಾರೂ ಒಂದು ಹೆಜ್ಜೆ ಆಚೆ ಹೋಗಬಾರದು ಎನ್ನುವುದು ಅವರೇ ಮಾಡಿದ ಕಾನೂನು. ಅಷ್ಟರಲ್ಲಿ ನಡುಮನೆಯ ಆಚೆಯ ಕೋಣೆಯಿಂದ ಕಾಕು ಕೂಗುತ್ತಿದ್ದರು.

"ಏನ್ರೀ, ಈಗ ನೋಡ ಬರ್ರಿ! ಸಣ್ಣ ಆತು!"

"ಬಂದೆ!" ಎಂದು ಕಾಕಾ ಮೊದಲು ಕಾಯಿಲ್ ಬಂದ್ ಮಾಡುವರು, ಪ್ಲಗ್ ಕೀಳುವರು, ಟವೆಲ್ ಬಿಗಿದುಕೊಳ್ಳುವರು, ಆಮೇಲೆ ಓಡುವರು. ಹೋಗಿ ನೋಡಿದರೆ ಬಲ್ಬು ಫಳಫಳ!

"ಎಲ್ಲಿ ಸಣ್ಣ ಆಗೈತಿ?"

"ಆಗಿತ್ರಿ. ನೀವು ಬಂದ್ರಿ, ದೊಡ್ಡದಾತು."

ನನ್ನ ಮನೆಯವರು ನಗು ತಡೆಯಲಾರದೆ ಅಂದರು. "ಕಾಕಾ, ನಿಮ್ಮನ್ನ ನೋಡಿ ಬಲ್ಬ್ ಅಂಜತೈತಿ." ದಿನವೂ ಇದೇ ನಾಟಕ. ಕಾಕು ಕೂಗುವುದು, ಕಾಕಾ ಓಡುವುದು, ಬಲ್ಬು ಫಳಫಳ. ಕಡೆಗೆ ಕಾಕು ಕೂಗುವುದನ್ನೇ ಬಿಟ್ಟರು. ನಾವೆಲ್ಲ ನಕ್ಕಿದ್ದಕ್ಕೆ ನಾಚಿಕೆಯಾಗಿತ್ತೋ, ಅಥವಾ ಕಣ್ಣಿನದೇ ದೋಷವೆಂದು ಅವರಿಗೂ ಅನಿಸತೊಡಗಿತ್ತೋ! ಸಂಜೆಯಾದರೆ ಕೈಕಟ್ಟಿಕೊಂಡು ಸುಮ್ಮನೆ ಕೂಡುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಇತ್ತ ಪಡಸಾಲೆಯಲ್ಲಿ ಬೇರೆಯೇ ಕಥೆ. ಸಂಜೆ ದೀಪ ಹಚ್ಚಿದ ಕೂಡಲೇ ಬಲ್ಬಿಗೆ ಕೈಮುಗಿಯುವುದು ನಮ್ಮ ಮನೆಯ ಪದ್ಧತಿ. ನಮ್ಮ ಅತ್ತೆ ಕೈಮುಗಿದು ನಿಂತಾಗಲೇ ಪಡಸಾಲೆಯ ಬಲ್ಬು ಝಗ್ಗೆಂದು ದೊಡ್ಡದಾಗುತ್ತಿತ್ತು. "ನೋಡಬೇ, ಲಕ್ಷ್ಮಿ ನಕ್ಕಳು!" ಎಂದು ಅತ್ತೆ ಸ್ವಿಚ್ ಬೋರ್ಡಿಗೆ ಅರಿಷಿಣ ಕುಂಕುಮ ಹಚ್ಚಲು ಶುರುಮಾಡಿದರು. ಲಕ್ಷ್ಮಿ ಎಷ್ಟು ನಕ್ಕಳೆಂದರೆ ಬಲ್ಬುಗಳು ಒಂದರ ಹಿಂದೆ ಒಂದು ಢಬ್ಬೆಂದು ಹೋದವು. ನಮ್ಮ ಮನೆಯವರ ಫೋನಿನ ಚಾರ್ಜರೂ ಸುಟ್ಟಿತು. ಅತ್ತೆಗೆ ಅದರ ಚಿಂತೆ ಇಲ್ಲ. ಹೊಸ ಬಲ್ಬು, ಹೊಸ ಕುಂಕುಮ!

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಕಾಕು ಸುಮ್ಮನೆ ಕೂತಿದ್ದರು, ಕಾಕಾ ಬಚ್ಚಲಲ್ಲಿ ಕಾವಲು ನಿಂತಿದ್ದರು. ನಾನು ಹೋಗಿ ಅಂದೆ. "ಕಾಕಾ, ಕಾಯಿಲ್ ನಾನು ನೋಡಕೋತೀನ್ರಿ. ನೀವು ಹೋಗಿ ಕಾಕುನ ಬಾಜು ಒಂದಿಷ್ಟು ಕುಂದ್ರರಿ. ಪಾಪ, ಒಬ್ಬಾಕಿನ ಕುಂತಾರ."

ಕಾಕಾ ಕಾಯಿಲನ್ನು ನೋಡಿದರು, ನನ್ನನ್ನು ನೋಡಿದರು. "ನೀರಾಗ ಕೈ ಹಾಕಬ್ಯಾಡ ಮತ್ತ! ಬಕೆಟ್ ಮುಟ್ಟಬ್ಯಾಡ!" ಎಂದು ನಾಲ್ಕು ಸಲ ಹೇಳಿ ಹೋದರು. ಹೋದ ಗಳಿಗೆಯಲ್ಲೇ ಒಳಗಿನಿಂದ ಒಂದು ಕೂಗು ಬಂತು. ಹಾವು ಕಂಡರೋ ಎಂದುಕೊಂಡೆ.

"ಸಣ್ಣ ಆಗೈತಿ! ಯವ್ವಾ, ಖರೇನ ಸಣ್ಣ ಆಗೈತಿ! ಕಾಯಿಲ್ ಬಂದ್ ಮಾಡು!"

ಮಾಡಿದೆ. "ದೊಡ್ಡದಾತು! ಮತ್ತ ಹಚ್ಚು!" ಹಚ್ಚಿದೆ. "ಸಣ್ಣ ಆತು!"

ಪಡಸಾಲೆಯಿಂದ ಅತ್ತೆ ಕೂಗಿದರು. "ಇಲ್ಲಿ ದೊಡ್ಡದಾತು!"

ಕಾಕಾ ನಡುಮನೆಯಲ್ಲಿ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ಆಮೇಲೆ ಹಣೆಹಣೆ ಬಡಿದುಕೊಂಡರು. "ನ್ಯೂಟ್ರಲ್! ಅಯ್ಯ ನನ ಶಿವನ, ನ್ಯೂಟ್ರಲ್ ಹೋಗೈತಿ!"

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕರೆಂಟು ಬರುವ ತಂತಿ ಬೇರೆ, ತಿರುಗಿ ಹೋಗುವ ತಂತಿ ಬೇರೆ. ತಿರುಗಿ ಹೋಗುವುದಕ್ಕೆ ನ್ಯೂಟ್ರಲ್ ಅಂತಾರೆ. ನಮ್ಮ ಮನೆಗೆ ಬರುವವು ಮೂರು, ತಿರುಗಿ ಹೋಗುವುದು ಒಂದೇ. ಆ ಒಂದು ಸಡಿಲಾದರೆ ಕೋಣೆಗಳ ನಡುವೆ ಜಗ್ಗಾಟ ಶುರು. ಬಚ್ಚಲೂ ಕಾಕುವಿನ ಕೋಣೆಯೂ ಒಂದೇ ಫೇಜು. ಅಲ್ಲಿ ಕಾಯಿಲ್ ಹಚ್ಚಿದರೆ ಕಾಕುವಿನ ಬಲ್ಬು ಸೊರಗುತ್ತಿತ್ತು, ಬೇರೆ ಫೇಜಿನ ಪಡಸಾಲೆಯ ಬಲ್ಬು ಉಬ್ಬುತ್ತಿತ್ತು. ಕಾಕಾ ಇಷ್ಟು ದಿನ ಬರುವ ತಂತಿಗಳನ್ನೇ ಟೆಸ್ಟರ್ ಹಿಡಿದು ಕಾಯುತ್ತಿದ್ದರು. ತಿರುಗಿ ಹೋಗುವುದನ್ನು ಯಾರು ಕೇಳುತ್ತಾರೆ?

ಇನ್ನೂ ಮಜಾ ಏನೆಂದರೆ, ಹೆಂಡತಿಯ ಬೆಳಕು ಕದಿಯುತ್ತಿದ್ದ ಕಳ್ಳ ಕಾಕಾನ ಜಳಕವೇ! ಕಳ್ಳನನ್ನು ಹಿಡಿಯಲು ಓಡುವ ಮೊದಲು ಕಾಯಿಲ್ ಬಂದ್ ಮಾಡಿ ಅವನನ್ನು ಬಿಟ್ಟು ಕಳಿಸುತ್ತಿದ್ದವರೂ ಅವರೇ!

ಅವತ್ತೇ ಮೇನ್ ಸ್ವಿಚ್ ಇಳಿಸಿಬಿಟ್ಟೆವು. ಮರುದಿನ ಬೆಳಿಗ್ಗೆ ಲೈನ್‌ಮನ್ ಬಂದ. ಲೈನು ಬಂದ್ ಮಾಡಿಸಿ ಮಾಳಿಗೆ ಹತ್ತಿದವನು ಮೇಲಿನಿಂದಲೇ ಕೇಳಿದ.

"ಯಜಮಾನ್ರ, ಸರ್ವಿಸ್ ಪೈಪಿಗೆ ಈ ಹಗ್ಗಾ ಯಾರ ಕಟ್ಯಾರ್ರಿ?"

ಎಲ್ಲರೂ ಕಾಕಾನನ್ನು ನೋಡಿದರು. ಕಾಕಾ ಆಕಾಶ ನೋಡಿದರು. ಕಂಬದಿಂದ ಬಂದ ತಂತಿಗಳು ನಮ್ಮ ಮಾಳಿಗೆಯ ಕಬ್ಬಿಣದ ಪೈಪಿಗೆ ಬಂದು ಇಳಿಯುತ್ತವೆ. ಆ ಪೈಪಿಗೇ ಹಗ್ಗ ಕಟ್ಟಿ ಕಾಕುವಿಗೆ ಕೌದಿ ಒಣಗಿಸಲು ಅನುಕೂಲ ಮಾಡಿಕೊಟ್ಟಿದ್ದರು! ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಒದ್ದೆಯಾದರೆ ಇಬ್ಬರು ಎತ್ತಬೇಕು. ಅಂಥ ಭಾರ ಜಗ್ಗಿ ಜಗ್ಗಿ, ಗಾಳಿಗೆ ಜೋಲಿ ಹೊಡೆದು, ಪೈಪು ಅಲುಗಾಡಿ ನ್ಯೂಟ್ರಲ್ ತಂತಿಯ ಜೋಡಣೆ ಸಡಿಲಾಗಿ ಸುಟ್ಟು ಕರಕಲಾಗಿತ್ತು.

"ಪುಣ್ಯಾ ಮಾಡೀರಿ. ಪೂರಾ ಹರದಿದ್ರ ಮನ್ಯಾಗ ಒಂದ ಸಾಮಾನ ಉಳೀತಿರಲಿಲ್ಲ," ಎಂದು ಲೈನ್‌ಮನ್ ಹೊಸ ಜೋಡಣೆ ಮಾಡಿ ಹಗ್ಗ ಕತ್ತರಿಸಿ ಕೆಳಗೆ ಎಸೆದ. ಕಾಕಾ ಅದನ್ನು ಮೆಲ್ಲಗೆ ಸುತ್ತಿ ದನದ ಕೊಟ್ಟಿಗೆಯಲ್ಲಿ ಮುಚ್ಚಿಟ್ಟರು. ಇಡೀ ಮನೆಗೆ ಟೇಪು ಅಂಟಿಸಿದ ಮನುಷ್ಯ ತಾನು ಕಟ್ಟಿದ ಹಗ್ಗಕ್ಕೆ ಮಾತ್ರ ಯಾವ ಬಣ್ಣದ್ದೂ ಹಚ್ಚಿರಲಿಲ್ಲ.

ಅವತ್ತು ಸಂಜೆ ಕಾಯಿಲ್ ಹಚ್ಚಿದರು. ಕಾಕುವಿನ ಬಲ್ಬು ಕದಲಲಿಲ್ಲ. ಪಡಸಾಲೆಯಲ್ಲಿ ಲಕ್ಷ್ಮಿ ನಗಲಿಲ್ಲ, ಅತ್ತೆ ಸ್ವಲ್ಪ ಮುನಿಸಿಕೊಂಡರು. ಕಾಕಾ ಮಾತ್ರ ಎದೆಯುಬ್ಬಿಸಿ ನನ್ನ ಮನೆಯವರ ಮುಂದೆ ನಿಂತರು. "ಕಣ್ಣಂತ, ಪೊರಿಯಂತ! ನೋಡಿದೇನ ಈಗ? ನಾ ಹೇಳಿದ್ದಿಲ್ಲೇನು, ಅಕಿ ಕಣ್ಣು ಬಂಗಾರದಂಗ ಅದಾವ ಅಂತ?" ಆಮೇಲೆ ಟ್ರಂಕಿನ ಮೇಲಿದ್ದ ಕುಂಚಿಗೆಯನ್ನು ತಾವೇ ತಂದು ಕಾಕುವಿನ ತೊಡೆಯ ಮೇಲಿಟ್ಟರು. "ಹಾಕು ಇನ್ನ. ಹೆಂಗೈತಿ ಬೆಳಕು?"

ಕಾಕು ನಕ್ಕರು. "ಅಗದಿ ಛಲೋ ಆತ್ರಿ. ಎಳಿಗೆ ಎಳಿ ಕಾಣಾಕತ್ತೈತಿ."

ಕುಂಚಿಗೆಯನ್ನು ಎದೆಗೆ ಅವುಚಿಕೊಂಡರು. ಖುಷಿಗಿರಬೇಕು ಎಂದುಕೊಂಡೆ. ನಾವೆಲ್ಲ ಸೋತ ಮುಖ ಮಾಡಿಕೊಂಡು ಕಾಕಾನ ಕೈಗೆ ಪೇಢೆ ಕೊಟ್ಟೆವು.

ಮರುದಿನ ಮಧ್ಯಾಹ್ನ ನಾನು ಶೇಂಗಾ ಚಟ್ನಿ ರುಬ್ಬುತ್ತಿದ್ದೆ. ಅರ್ಧಕ್ಕೇ ಮಿಕ್ಸರು ನಿಂತಿತು. ಕರೆಂಟು ಹೋಗಿತ್ತು, ನಮ್ಮ ಕಡೆ ಅದೇನು ಹೊಸದಲ್ಲ. ಬೈದುಕೊಳ್ಳುತ್ತ ಹೊರಗೆ ಬಂದರೆ ಕಾಕಾ ಕಾಕುವಿನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಧೂಳು ಬರುತ್ತದೆಂದು ಕಿಟಕಿ ಮುಚ್ಚಿತ್ತು. ದಾರ ಹಾರುತ್ತದೆಂದು ಕಾಕು ಫ್ಯಾನು ಹಾಕುವುದೇ ಇಲ್ಲ. ಆ ಅರೆಬೆಳಕಿನಲ್ಲಿ ಕುಂಚಿಗೆಯನ್ನು ತೊಡೆಯ ಮೇಲೆ ಹರವಿಕೊಂಡು ಬಗ್ಗಿ ಕೂತಿದ್ದರು. ಕೈ ಆಡುತ್ತಿತ್ತು.

"ಹೆಂಗೈತಿ ಬೆಳಕು?" ಕಾಕಾ ಹುರುಪಿನಿಂದಲೇ ಕೇಳಿದರು.

ಕಾಕು ತಲೆ ಎತ್ತಲಿಲ್ಲ. "ನಿನ್ನಿಗಿಂತ ಛಲೋ ಐತ್ರಿ. ಎಷ್ಟ ಝಗಝಗ ಉರಿಯಾಕತ್ತೈತಿ!"

ಕಾಕಾ ಮೇಲೆ ನೋಡಿದರು. ನಾನೂ ನೋಡಿದೆ. ಬಲ್ಬು ಆರಿತ್ತು.

ಹತ್ತಿರ ಹೋದರು. ಕಾಕುವಿನ ಸೂಜಿ ಬಟ್ಟೆಯಲ್ಲಿ ಹೋಗಿ ಬರುತ್ತಿತ್ತು, ಅದರಲ್ಲಿ ದಾರವೇ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಕಾಕಾ ಅವರ ಪಕ್ಕದಲ್ಲಿ ನೆಲಕ್ಕೆ ಕೂತರು. ಸೂಜಿ ತೆಗೆದುಕೊಂಡರು. ದಾರದ ತುದಿಯನ್ನು ಬಾಯಲ್ಲಿ ನೆನೆಸಿ ಪೋಣಿಸಲು ಹೋದರು, ತಪ್ಪಿತು. ಮತ್ತೆ ಹೋದರು, ಮತ್ತೆ ತಪ್ಪಿತು. ಕಡೆಗೂ ಪೋಣಿಸಿ ಕಾಕುವಿನ ಬೆರಳಿಗೆ ಕೊಟ್ಟು ಅಂದರು.

"ನಾಳೆ ಹುಬ್ಬಳ್ಳಿಗೆ ಹೋಗೂಣು."

"ಯಾಕ್ರಿ? ಬಲ್ಬ್ ತರಾಕೇನು?"

"ಹೌದು," ಅಂದರು ಕಾಕಾ. "ಬಲ್ಬ್ ತರಾಕ."

ಕಾಕುವಿಗೆ ಎಲ್ಲ ಗೊತ್ತಾಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಾಕಾನ ಕೈಹಿಡಿದುಕೊಂಡರು. "ನನಗ ಅಂಜಿಕಿ ಬರತೈತ್ರಿ," ಅಂದರು. "ನನಗೂ ಬರತೈತಿ," ಅಂದರು ಕಾಕಾ. ಆ ಮನುಷ್ಯ ಯಾವುದಕ್ಕಾದರೂ ಹೆದರಿಕೆಯಾಗುತ್ತದೆ ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾಕು ಹುಬ್ಬಳ್ಳಿಯಲ್ಲಿ ಪೊರೆ ತೆಗೆಸಿಕೊಂಡು ಬಂದರು. ಕರಿ ಕನ್ನಡಕದ ದಿನಗಳಲ್ಲಿ ಕಾಕಾ ಕೋಣೆಯ ಬಲ್ಬು ತಾವೇ ಬಿಚ್ಚಿಟ್ಟಿದ್ದರು, ಬೆಳಕು ಕಣ್ಣಿಗೆ ಚುಚ್ಚಬಾರದೆಂದು. ಬೆಳಕು ಕದ್ದ ತಪ್ಪಿಗೆ ಬಚ್ಚಲಿನ ಕಾಯಿಲಿಗೂ ರಜೆ. ತಣ್ಣೀರು ಸುರಿದುಕೊಂಡು ಹೋ ಎಂದು ಚೀರುತ್ತಿದ್ದರು.

ಕನ್ನಡಕ ತೆಗೆದ ದಿನ ಕಾಕು ಕೋಣೆಯಿಂದ ಹೊರಗೆ ಬಂದು ನಡುಮನೆಯಲ್ಲಿ ನಿಂತರು. ಒಂದು ಗೋಡೆ ನೋಡಿದರು. ಇನ್ನೊಂದು ಗೋಡೆ ನೋಡಿದರು. ತೊಲೆ ನೋಡಿದರು.

"ಇದೇನ್ರೀ ಇದು! ನನ್ನ ಮನಿ ಗ್ವಾಡಿಗೆಲ್ಲಾ ಇದೇನು ಹಚ್ಚೀರಿ? ಇಲ್ಲಿ ಕೆಂಪು, ಅಲ್ಲಿ ಹಳದಿ! ದೇವರ ಜಗಲಿ ಬಾಜು ಸುದ್ದಾ ಹಸರು! ಸುಣ್ಣಾ ಹಚ್ಚಿದ ಗ್ವಾಡಿ ಹಿಂಗ ಹಾಳ ಮಾಡೂದಾ? ತಲಿ ನೆಟ್ಟಗ ಐತೋ ಇಲ್ಲೋ ನಿಮಗ?"

ಬೈಯುತ್ತ ಬೈಯುತ್ತ ಕಾಕು ಒಂದೊಂದೇ ಪಟ್ಟಿ ಕೀಳುತ್ತ ನಡೆದರು. ಬೆರಳು ಒಂದು ಕಡೆಯೂ ತಡವರಿಸಲಿಲ್ಲ. ಹಿಂದಿನಿಂದ ಕಾಕಾ, ಹರಿದ ಕಿಸೆಯ ಅಂಗಿ ಹಾಕಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದರು. ಕಾಕು ದಣಿದು ನಿಂತರು. ಕಾಕಾ ಮೂಲೆಯ ತೊಲೆಯ ಕಡೆಗೆ ಬೆರಳು ಮಾಡಿದರು.

"ಅಲ್ಲೊಂದು ಉಳದೈತಿ ನೋಡು. ಅದರದ ಯಾವ ಬಣ್ಣಾ? ಹೇಳು, ಅದಕ್ಕೂ ಒಂದಿಷ್ಟು ಬೈ."